ನಮ್ಮ ಹೆಂಗಸರಿಗೆ ವೋಟು ಕೇಳದೇ ಸಿಕ್ಕಿತಾ? ಒಬ್ಬ ಮ್ಯೂಸಿಕ್ ಟೀಚರ್ ಕಥೆ

ಓದುಗರ ಪ್ರಶ್ನೆ: ಇಂಗ್ಲೆಂಡಿನಲ್ಲಿ ಹೆಂಗಸರು ಜೈಲಿಗೆ ಹೋಗಿ, ಉಪವಾಸ ಕೂತು ವೋಟಿನ ಹಕ್ಕು ಪಡೆದರು. ನಮ್ಮಲ್ಲಿ ಸಂವಿಧಾನ ಬಂದಾಗ ಎಲ್ಲರಿಗೂ ಒಟ್ಟಿಗೆ ಸಿಕ್ಕಿಬಿಟ್ಟಿತು. ಹಾಗಾದ್ರೆ ನಮ್ಮ ಹೆಂಗಸರು ಅದನ್ನ ಕೇಳಲೇ ಇಲ್ಲ ಅಲ್ವಾ?

ಕೇಳಿದ್ದರು. 1917ರಲ್ಲೇ ಕೇಳಿದ್ದರು. ಸಂವಿಧಾನ ಜಾರಿಗೆ ಬರೋದಕ್ಕೆ ಇನ್ನೂ 32 ವರ್ಷ ಇತ್ತು. ಅಷ್ಟೇ ಯಾಕೆ, ಆಗ ಇಂಗ್ಲೆಂಡಿನ ಹೆಂಗಸರಿಗೇ ಪಾರ್ಲಿಮೆಂಟಿನ ವೋಟು ಸಿಕ್ಕಿರಲಿಲ್ಲ.

ಕೇಳಿದ್ದು ಹೇಗೆ ಅನ್ನೋದು ಮಜವಾಗಿದೆ. ಅದಕ್ಕೆ ಐರ್ಲೆಂಡಿನ ಒಬ್ಬ ಮೇಷ್ಟ್ರಮ್ಮನ ಕಥೆ ಹೇಳಬೇಕು. ಹೆಸರು ಮಾರ್ಗರೆಟ್ ಕಸಿನ್ಸ್.

1878ರಲ್ಲಿ ಬಾಯ್ಲ್ ಅನ್ನುವ ಸಣ್ಣ ಊರಿನಲ್ಲಿ ಹುಟ್ಟಿದವರು. ಡಬ್ಲಿನ್‌ನಲ್ಲಿ ಸಂಗೀತ ಕಲಿತು ಡಿಗ್ರಿ ಪಡೆದರು, 1903ರಲ್ಲಿ ಕವಿ ಜೇಮ್ಸ್ ಕಸಿನ್ಸ್‌ರನ್ನು ಮದುವೆಯಾದರು, ಮಕ್ಕಳಿಗೆ ಸಂಗೀತ ಪಾಠ ಹೇಳುತ್ತಿದ್ದರು. ಇಷ್ಟೇ ಆಗಿದ್ದರೆ ಅವರ ಹೆಸರು ನಮಗೆ ಗೊತ್ತಾಗುತ್ತಿರಲಿಲ್ಲ. 1908ರಲ್ಲಿ ಹ್ಯಾನಾ ಶೀಹಿ ಸ್ಕೆಫಿಂಗ್ಟನ್ ಜೊತೆ ಸೇರಿ ಐರಿಷ್ ಹೆಂಗಸರ ವೋಟಿಗಾಗಿ ಸಂಘ ಕಟ್ಟಿದರು. 1910ರಲ್ಲಿ ಲಂಡನ್ನಿಗೆ ಹೋಗಿ ಕಿಟಕಿ ಗಾಜು ಒಡೆದು ಹಾಲೊವೇ ಜೈಲಿನಲ್ಲಿ ಒಂದು ತಿಂಗಳು ಇದ್ದರು. 1913ರಲ್ಲಿ ಮತ್ತೆ ಗಾಜು, ಈ ಸಲ ಐರ್ಲೆಂಡಿನ ಬ್ರಿಟಿಷ್ ಆಡಳಿತ ಕೂತಿದ್ದ ಡಬ್ಲಿನ್ ಕೋಟೆಯದು, ಮತ್ತೆ ಜೈಲು. ಅಲ್ಲಿ ತಮ್ಮನ್ನು ರಾಜಕೀಯ ಕೈದಿಗಳಾಗಿ ನಡೆಸಿಕೊಳ್ಳಬೇಕು ಅಂತ ಉಪವಾಸ ಕೂತು ಗೆದ್ದೂ ಬಿಟ್ಟರು. ಕೈಯಲ್ಲಿ ಪಿಯಾನೋ ಪುಸ್ತಕ ಹಿಡಿಯುವ ಟೀಚರಮ್ಮ ಕಲ್ಲು ಹಿಡಿದಿದ್ದನ್ನ ನೆನೆಸಿಕೊಂಡರೆ ನನಗೆ ಈಗಲೂ ನಗು ಬರುತ್ತದೆ.

1915ರಲ್ಲಿ ಗಂಡ ಹೆಂಡತಿ ಇಬ್ಬರೂ ಭಾರತಕ್ಕೆ ಬಂದರು. ಅನಿ ಬೆಸೆಂಟ್ ಅವರ ಪತ್ರಿಕೆಯಲ್ಲಿ ಜೇಮ್ಸ್‌ಗೆ ಕೆಲಸ. ಆಮೇಲೆ ಮದನಪಲ್ಲಿಯ ಕಾಲೇಜಿಗೆ ಹೋದರು. ನಮ್ಮ ಕೋಲಾರದ ಗಡಿ ದಾಟಿದರೆ ಸಿಗುತ್ತಲ್ಲ, ಅದೇ ಮದನಪಲ್ಲಿ. 1919ರಲ್ಲಿ ಟಾಗೋರರು ಅಲ್ಲಿಗೆ ಬಂದು ‘ಜನ ಗಣ ಮನ’ ಹಾಡಿದಾಗ ಅದನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದುಕೊಂಡವರು ಇದೇ ಮಾರ್ಗರೆಟ್. ಅವರ ಬಗ್ಗೆ ಬರೆಯುವವರೆಲ್ಲ ಇದೊಂದನ್ನೇ ಹೇಳಿ ನಿಲ್ಲಿಸುತ್ತಾರೆ. ನನ್ನ ಪ್ರಕಾರ ಅವರು ಅದಕ್ಕಿಂತ ದೊಡ್ಡ ಕೆಲಸ ಒಂದು ವರ್ಷಕ್ಕೂ ಮೊದಲೇ ಮಾಡಿದ್ದರು.

1917ರ ಕೊನೆಗೆ ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗು ದೇಶ ಸುತ್ತಲು ಬರುತ್ತಿದ್ದ. ಮುಂದಿನ ಸುಧಾರಣೆ ಹೇಗಿರಬೇಕು ಅಂತ ಜನರ ಅಹವಾಲು ಕೇಳುವ ಪ್ರವಾಸ ಅದು. ಮಾರ್ಗರೆಟ್ ಹೆಂಗಸರ ಪರವಾಗಿ ಭೇಟಿಗೆ ಸಮಯ ಕೇಳಿದರು. ಯಾವ ವಿಷಯಕ್ಕೆ? ವೋಟಿಗಲ್ಲ. ಹೆಣ್ಣುಮಕ್ಕಳ ಶಾಲೆಗೆ! ಪುಣೆಯಲ್ಲಿ ಮಹಿಳಾ ವಿಶ್ವವಿದ್ಯಾಲಯ ಕಟ್ಟುತ್ತಿದ್ದ ಕರ್ವೆಯವರ ಬಳಗದಲ್ಲೂ ಇದ್ದ ಟೀಚರು, ಕೇಳಬೇಕು ಅನ್ನಿಸಿದ್ದು ಪಾಠಶಾಲೆಯನ್ನೇ. ಆದರೆ ಆ ಕಡೆಯಿಂದ ಬಂದ ಉತ್ತರ, ಶಿಕ್ಷಣ ಗಿಕ್ಷಣ ಆಗಲ್ಲ, ಮಂತ್ರಿಗಳು ರಾಜಕೀಯ ವಿಷಯ ಮಾತ್ರ ಕೇಳುತ್ತಾರೆ ಅಂತ.

ಬೇರೆಯವರಾಗಿದ್ದರೆ ಸುಮ್ನೆ ಕಾಗದ ಮಡಚಿಡುತ್ತಿದ್ದರೇನೋ. ಎರಡು ಸಲ ಜೈಲು ನೋಡಿ ಬಂದವರಿಗೆ ‘ರಾಜಕೀಯ’ ಅಂದರೇನು ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ. ಸರಿ ಹಾಗಾದ್ರೆ ಅಂತ ಅದೇ ಮನವಿಗೆ ವೋಟಿನ ಬೇಡಿಕೆ ಸೇರಿಸಿದರು. ಡಿಸೆಂಬರ್‌ನಲ್ಲಿ ಮದ್ರಾಸಿನಲ್ಲಿ ಸರೋಜಿನಿ ನಾಯ್ಡು ಮುಂದಾಳತ್ವದಲ್ಲಿ ನಿಯೋಗ ಹೋಯಿತು. ಶಾಲೆಯ ಬೇಡಿಕೆಯೂ ಜೊತೆಗಿತ್ತು, ಬಿಟ್ಟಿರಲಿಲ್ಲ. ವೋಟಿನ ಬಗ್ಗೆ ಆ ಮನವಿ ಕೇಳಿದ್ದು ಇಷ್ಟೇ: ಯಾರು ಮತದಾರರು ಅಂತ ಕಾನೂನು ಬರೆಯುವಾಗ ಹೆಂಗಸರನ್ನೂ ‘ಜನ’ ಅಂತ ಲೆಕ್ಕಕ್ಕೆ ಹಿಡಿಯಿರಿ, ಹೆಣ್ಣು ಅನ್ನೋ ಕಾರಣಕ್ಕೆ ಹೊರಗಿಡುವ ಪದ ಬಳಸಬೇಡಿ. ಮಾಂಟೆಗು ತನ್ನ ಡೈರಿಯಲ್ಲಿ ಮಾರ್ಗರೆಟ್ಟರನ್ನು ಲಂಡನ್ನಿನ ಹೆಸರಾಂತ ಹೋರಾಟಗಾರ್ತಿ ಅಂತ ಬರೆದುಕೊಂಡ. ಐರಿಷ್ ಹೆಂಗಸನ್ನು ಲಂಡನ್ನಿನವಳು ಅನ್ನೋದು, ಅದೂ ಐರಿಷರು ಬ್ರಿಟಿಷರಿಂದ ಬಿಡುಗಡೆ ಕೇಳುತ್ತಿದ್ದ ಆ ಕಾಲದಲ್ಲಿ!

ಹಾಗಂತ ಬಿಳಿ ಮೇಡಂ ಬಂದು ನಮ್ಮವರಿಗೆ ವೋಟು ಕೊಡಿಸಿದರು ಅಂತ ಓದಿಕೊಳ್ಳಬೇಡಿ. ಬೇಡಿಕೆಯನ್ನು, ಯಾರಿಗೆ ವೋಟು ಕೊಡಬೇಕು ಅಂತ ನೋಡಲು ಸರ್ಕಾರ ನೇಮಿಸಿದ್ದ ಸೌತ್‌ಬರೋ ಸಮಿತಿ ತಳ್ಳಿಹಾಕಿತು, ಭಾರತದ ಸಮಾಜ ಇದಕ್ಕೆ ಸಿದ್ಧವಿಲ್ಲ ಅನ್ನುವ ನೆಪ. ಆಗ ಬೊಂಬಾಯಿಯಿಂದ ಹೀರಾಬಾಯಿ ಟಾಟಾ ಮತ್ತು ಅವರ ಮಗಳು ಮಿಥನ್ 1919ರಲ್ಲಿ ಲಂಡನ್ನಿಗೇ ಹೋಗಿ ವಾದ ಮಂಡಿಸಿದರು. ಕೊನೆಗೆ ಬ್ರಿಟಿಷರು, ಆಯಾ ಪ್ರಾಂತ್ಯದವರೇ ತೀರ್ಮಾನ ಮಾಡಿಕೊಳ್ಳಲಿ ಅಂತ ಕೈತೊಳೆದುಕೊಂಡರು. ಮದ್ರಾಸ್, ಬೊಂಬಾಯಿ 1921ರಲ್ಲಿ ಒಪ್ಪಿದವು. ಬಂಗಾಳ ಅದೇ ವರ್ಷ ಬೇಡ ಅಂದು 1925ರಲ್ಲಿ ಒಪ್ಪಿತು. ನಮ್ಮ ಮೈಸೂರು ಸಂಸ್ಥಾನವೂ ಅದೇ ದಶಕದಲ್ಲಿ ಒಪ್ಪಿತು.

ಮಂಗಳೂರಿಗೂ ಈ ಕಥೆಗೂ ಎರಡು ನಂಟು. 1919–20ರಲ್ಲಿ ಅಲ್ಲಿನ ನ್ಯಾಷನಲ್ ಗರ್ಲ್ಸ್ ಸ್ಕೂಲಿನ ಮೊದಲ ಮುಖ್ಯೋಪಾಧ್ಯಾಯಿನಿ ಇದೇ ಮಾರ್ಗರೆಟ್. ಇನ್ನೊಂದು 1926ರದು. ಹೆಂಗಸರು ವೋಟು ಹಾಕಬಹುದಿತ್ತು, ಆದರೆ ಚುನಾವಣೆಗೆ ನಿಲ್ಲೋಕೆ ದಾರಿ ತೆರೆದದ್ದು ಆ ವರ್ಷ. ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಮದ್ರಾಸ್ ಕೌನ್ಸಿಲ್ಲಿಗೆ ನಿಲ್ಲು ಅಂತ ಹುರಿದುಂಬಿಸಿದ್ದು ಮಾರ್ಗರೆಟ್. ಕಮಲಾದೇವಿಗೆ ಆಗ ಇಪ್ಪತ್ಮೂರು ವರ್ಷ, ಪ್ರಚಾರಕ್ಕೆ ಟೈಮೇ ಇಲ್ಲ. ಕೂದಲೆಳೆಯಲ್ಲಿ ಸೋತರು. ಆದರೂ ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಭಾರತೀಯ ಹೆಂಗಸು ಅಂತ ಉಳಿದರು. ಮರುವರ್ಷ ಪುಣೆಯಲ್ಲಿ ಶುರುವಾದ ಅಖಿಲ ಭಾರತ ಮಹಿಳಾ ಸಮ್ಮೇಳನದಲ್ಲಿ ಇಬ್ಬರೂ ಒಟ್ಟಿಗೆ ದುಡಿದರು.

ಮಾರ್ಗರೆಟ್ ಇಲ್ಲೂ ಜೈಲು ತಪ್ಪಿಸಿಕೊಳ್ಳಲಿಲ್ಲ ಬಿಡಿ. 1932ರಲ್ಲಿ ಸರ್ಕಾರದ ದಮನದ ಕಾನೂನುಗಳ ವಿರುದ್ಧ ಭಾಷಣ ಮಾಡಿದ್ದಕ್ಕೆ ಒಂದು ವರ್ಷ ಶಿಕ್ಷೆ, ವೆಲ್ಲೂರಿನಲ್ಲಿ. 1940ರ ದಶಕದಲ್ಲಿ ಲಕ್ವ ಹೊಡೆಯಿತು. 1954ರಲ್ಲಿ ತೀರಿಕೊಂಡರು.

ಈಗ ನಿಮ್ಮ ಪ್ರಶ್ನೆಯ ಇನ್ನರ್ಧ. 1921ರಲ್ಲಿ ವೋಟು ಸಿಕ್ಕಿದ್ದು ಎಷ್ಟು ಜನಕ್ಕೆ? ತೀರಾ ಕಡಿಮೆ. ಗಂಡಸರಿಗೆ ಇದ್ದ ಆಸ್ತಿ, ತೆರಿಗೆಯ ಷರತ್ತೇ ಹೆಂಗಸರಿಗೂ ಇತ್ತು, ಹೆಂಗಸರ ಹೆಸರಲ್ಲಿ ಆಸ್ತಿ ಎಲ್ಲಿತ್ತು? 1935ರ ಕಾಯ್ದೆ ಒಂದು ಉಪಾಯ ಮಾಡಿತು: ಗಂಡನಿಗೆ ಆಸ್ತಿ ಇದ್ದರೆ ಹೆಂಡತಿಗೂ ವೋಟು. ಮಹಿಳಾ ಸಂಘಟನೆಗಳು ಮೊದಲಿಂದಲೂ ಇದನ್ನು ವಿರೋಧಿಸಿದ್ದವು. ಇಂಥವರ ಹೆಂಡತಿ ಅಂತ ಬೇಡ, ವಯಸ್ಸಿಗೆ ಬಂದ ಎಲ್ಲರಿಗೂ ಕೊಡಿ ಅಂತ. ಸಂವಿಧಾನದಲ್ಲಿ ಬಂದದ್ದು ಆ ಬೇಡಿಕೆಯೇ.

ಆಮೇಲೆ 1951–52ರ ಮೊದಲ ಮಹಾಚುನಾವಣೆಗೆ ಪಟ್ಟಿ ಮಾಡಲು ಮನೆಮನೆಗೆ ಹೋದವರಿಗೆ ಎಷ್ಟೋ ಹೆಂಗಸರು ತಮ್ಮ ಹೆಸರೇ ಹೇಳಲಿಲ್ಲ. ಇಂಥವರ ಹೆಂಡತಿ ಅಂತ ಬರ್ಕೊಳ್ಳಿ, ಇಂಥವನ ತಾಯಿ ಅಂತ ಬರ್ಕೊಳ್ಳಿ ಅಂದರು. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಒಪ್ಪಲಿಲ್ಲ. ಸ್ವಂತ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಹೊಡೆದುಹಾಕಿದರು.