ಬ್ಲ್ಯಾಕ್‌ಔಟ್ ಅಂದರೆ ಪ್ರಜ್ಞೆ ತಪ್ಪುವುದಲ್ಲ

"ನಿನ್ನೆ ಪಾರ್ಟಿಯಲ್ಲಿ ಪೂರ್ತಿ ಔಟ್ ಆಗಿಬಿಟ್ಟಿದ್ದೆ ಕಣೋ." ಕಾಲೇಜು ಹುಡುಗರು ಇದನ್ನು ನಗುತ್ತಾ ಹೇಳಿಕೊಳ್ಳುತ್ತಾರೆ. ಆದರೆ ಈ 'ಔಟ್' ಅನ್ನೋ ಒಂದೇ ಪದದೊಳಗೆ ಎರಡು ಬೇರೆ ಸಂಗತಿಗಳಿವೆ. ಒಂದು, ಕುಡಿದು ಪ್ರಜ್ಞೆ ತಪ್ಪಿ ಬಿದ್ದುಕೊಳ್ಳುವುದು. ಇನ್ನೊಂದು ಬ್ಲ್ಯಾಕ್‌ಔಟ್. ಎರಡೂ ಒಂದೇ ಅಂದುಕೊಂಡವರೇ ಜಾಸ್ತಿ.

ಬ್ಲ್ಯಾಕ್‌ಔಟ್ ಆದವನು ಎಚ್ಚರವಾಗಿಯೇ ಇರುತ್ತಾನೆ. ಮಾತಾಡುತ್ತಾನೆ, ಕುಣಿಯುತ್ತಾನೆ, ಜಗಳಕ್ಕೆ ನಿಲ್ಲುತ್ತಾನೆ, ಮೆಸೇಜಿಗೆ ಉತ್ತರ ಕೊಡುತ್ತಾನೆ. ಬೆಳಗ್ಗೆ ಎದ್ದು ಫೋನ್ ನೋಡಿದರೆ ರಾತ್ರಿ 1:20ಕ್ಕೆ ಯಾರಿಗೋ ಮಾಡಿದ 14 ನಿಮಿಷದ ಕರೆ ಇರುತ್ತದೆ. ಏನು ಮಾತಾಡಿದೆ? ಒಂದಕ್ಷರವೂ ನೆನಪಿಲ್ಲ. ಆ ನೆನಪು ಅಳಿಸಿಹೋಗಿಲ್ಲ, ಅದು ಮೂಡಿಯೇ ಇರಲಿಲ್ಲ. ಕ್ಲಾಸಿನಲ್ಲಿ ಕೂತು, ಮೇಷ್ಟ್ರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿ, ನೋಟ್ಸ್ ಮಾತ್ರ ಖಾಲಿ ರೀಫಿಲ್‌ನಲ್ಲಿ ಬರೆದ ಹಾಗೆ.

ಹೀಗೇಕೆ ಆಗುತ್ತದೆ? ಮೆದುಳಿನಲ್ಲಿ ಹಿಪೊಕ್ಯಾಂಪಸ್ ಅಂತ ಒಂದು ಭಾಗವಿದೆ. ಈಗಷ್ಟೇ ನಡೆದದ್ದನ್ನು ಉಳಿಯುವ ನೆನಪಾಗಿ ಮಾಡುವುದು ಅದರ ಕೆಲಸ. ರಕ್ತದಲ್ಲಿ ಆಲ್ಕೋಹಾಲ್ ಬೇಗ ಬೇಗ ಏರಿದರೆ ಅಲ್ಲಿನ ನರಕೋಶಗಳ ಸಂಪರ್ಕ ಕೆಡುತ್ತದೆ. ಹಳೆಯ ನೆನಪುಗಳಿಗೆ ಏನೂ ಆಗುವುದಿಲ್ಲ, ಅದಕ್ಕೇ ಅವನಿಗೆ ತನ್ನ ಹೆಸರು, ರೂಮ್ ನಂಬರ್, ಹಾಡಿನ ಸಾಲು ಎಲ್ಲ ಗೊತ್ತಿರುತ್ತದೆ. ಒಂದೆರಡು ನಿಮಿಷದ ಹಿಂದಿನದ್ದೂ ತಲೆಯಲ್ಲಿರುತ್ತದೆ. ಹಾಗಾಗಿ ಮಾತು ಸರಾಗವಾಗಿಯೇ ಸಾಗುತ್ತದೆ.

ಇದನ್ನು ತೋರಿಸಿಕೊಟ್ಟವರಲ್ಲಿ ಡೊನಾಲ್ಡ್ ಗುಡ್ವಿನ್ ಅನ್ನೋ ಅಮೆರಿಕದ ಮನೋವೈದ್ಯ ಮುಖ್ಯರು. 1970ರ ಸುಮಾರಿಗೆ ಅವರು ಕುಡಿತದ ಚಟವಿದ್ದ ಕೆಲವರಿಗೆ ಚೆನ್ನಾಗಿ ಕುಡಿಸಿ ಪರೀಕ್ಷೆ ಮಾಡಿದರು. ಮುಚ್ಚಳ ಹಾಕಿದ ಬಾಣಲೆ ಹಿಡಿದುಕೊಂಡು ಬಂದು "ಹಸಿವಾಗ್ತಿದೆಯಾ?" ಅಂತ ಕೇಳುವುದು, ಆಮೇಲೆ ಮುಚ್ಚಳ ತೆಗೆಯುವುದು. ಒಳಗೆ ಸತ್ತ ಇಲಿಗಳು! ಇದನ್ನು ನೋಡಿದವರು ಜನ್ಮದಲ್ಲಿ ಮರೆಯುತ್ತಾರಾ? ಎರಡು ನಿಮಿಷ ಬಿಟ್ಟು ಕೇಳಿದರೆ ಇಂಥ ಸಂಗತಿಗಳನ್ನು ಅವರು ಹೇಳುತ್ತಿದ್ದರು. ಅರ್ಧ ಗಂಟೆ ಬಿಟ್ಟು ಕೇಳಿದಾಗ ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಏನೂ ನೆನಪಿರಲಿಲ್ಲ, ಮಾರನೇ ದಿನವೂ ಇಲ್ಲ.

ಬ್ಲ್ಯಾಕ್‌ಔಟ್‌ನಲ್ಲಿ ಎರಡು ಬಗೆ. ಕೆಲವೊಮ್ಮೆ ಅಲ್ಲಲ್ಲಿ ತುಣುಕು ಉಳಿದಿರುತ್ತದೆ, ಯಾರಾದರೂ ಸುಳಿವು ಕೊಟ್ಟರೆ "ಹೌದಲ್ವಾ" ಅಂತ ಸ್ವಲ್ಪ ವಾಪಸ್ ಬರುತ್ತದೆ. ಇನ್ನೊಂದರಲ್ಲಿ ಗಂಟೆಗಟ್ಟಲೆ ಹೊತ್ತು ಪೂರ್ತಿ ಕತ್ತಲು, ಎಷ್ಟು ತಲೆ ಕೆರೆದುಕೊಂಡರೂ ಅಷ್ಟೇ.

ಇದು ವರ್ಷಗಟ್ಟಲೆ ಕುಡಿದವರಿಗೆ ಮಾತ್ರ ಆಗುವುದು ಅಂತ ಹಿಂದೆ ನಂಬಿದ್ದರು. ಹಾಗಲ್ಲ. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಮೀಕ್ಷೆಯಲ್ಲಿ 772 ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದ್ದರು. ಕುಡಿದ ಅನುಭವ ಇದ್ದವರಲ್ಲಿ 51% ಜನ ಒಂದು ಸಲವಾದರೂ ಹೀಗಾಗಿದೆ ಅಂದರು. ಅರ್ಧಕ್ಕೂ ಜಾಸ್ತಿ! ಎಷ್ಟು ಕುಡಿದಿರಿ ಅನ್ನುವಷ್ಟೇ ಎಷ್ಟು ಬೇಗ ಕುಡಿದಿರಿ ಅನ್ನುವುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ, ಮತ್ತು ಕಾಲೇಜಿನ ಕುಡಿತ ಅಂದರೆ ಖಾಲಿ ಹೊಟ್ಟೆ, ಸಾಲಾಗಿ ಶಾಟ್‌ಗಳು, ಪಂದ್ಯ, "ಇನ್ನೊಂದೇ ಒಂದು" ಅನ್ನೋ ಗೆಳೆಯರು, ಹೀಗೆ ರಕ್ತದಲ್ಲಿ ಆಲ್ಕೋಹಾಲ್ ಏರಿಸುವ ಎಲ್ಲವೂ ಒಂದೇ ರಾತ್ರಿ ಸೇರಿಕೊಂಡಿರುತ್ತವೆ. ಎರಡು ಗಂಟೆಯೊಳಗೆ ಗಂಡಸು 5, ಹೆಂಗಸು 4 ಡ್ರಿಂಕ್ ಕುಡಿದರೆ ಅದನ್ನು ಬಿಂಜ್ ಅನ್ನುತ್ತಾರೆ. ಇಲ್ಲಿ ಒಂದು ಡ್ರಿಂಕ್ ಅಂದರೆ ಅಮೆರಿಕದ ಲೆಕ್ಕದಲ್ಲಿ 14 ಗ್ರಾಂ ಶುದ್ಧ ಆಲ್ಕೋಹಾಲ್, ಸುಮಾರು 350 ಮಿಲಿ ಬಿಯರ್ ಅಥವಾ 45 ಮಿಲಿ ವಿಸ್ಕಿ. ಹೆಣ್ಣುಮಕ್ಕಳ ಮೈಯಲ್ಲಿ ನೀರಿನ ಪ್ರಮಾಣ ಕಡಿಮೆ, ಹಾಗಾಗಿ ಅಷ್ಟೇ ಕುಡಿದರೂ ಅವರ ರಕ್ತದಲ್ಲಿ ಆಲ್ಕೋಹಾಲ್ ಜಾಸ್ತಿ ಏರುತ್ತದೆ. ನಿದ್ರೆ ಮಾತ್ರೆಯೂ ಜೊತೆಗಿದ್ದರೆ ಇನ್ನೂ ಕಷ್ಟ.

ನನ್ನ ಪ್ರಕಾರ ನಿಜವಾದ ಅಪಾಯ ಮರೆವಲ್ಲ. ಎದುರಿಗಿದ್ದವರಿಗೆ ಗೊತ್ತಾಗದೇ ಇರುವುದು. ತೂರಾಡುವವನ ಕೈಯಿಂದ ಗೆಳೆಯರು ಬೈಕ್ ಕೀ ಕಿತ್ತುಕೊಳ್ಳುತ್ತಾರೆ. ನೆಟ್ಟಗೆ ಮಾತಾಡುತ್ತಿರುವವನಿಗೆ "ಹುಷಾರಾಗಿ ಹೋಗು" ಅಂತ ಕಳಿಸಿಬಿಡುತ್ತಾರೆ. ಒಬ್ಬಳು "ಹ್ಞೂಂ" ಅಂದಳು, ಜೊತೆಗೆ ನಡೆದು ಬಂದಳು ಅಂದಮಾತ್ರಕ್ಕೆ ಅದು ದೈಹಿಕ ಸಂಬಂಧಕ್ಕೆ ಒಪ್ಪಿಗೆ ಅಲ್ಲ, ಬೆಳಗ್ಗೆ ಅವಳಿಗೆ ಅದ್ಯಾವುದೂ ಗೊತ್ತೇ ಇರದಿರಬಹುದು. ಅಷ್ಟು ಕುಡಿದವರ ಹತ್ತಿರ ಇಂಥ ವಿಷಯ ಎತ್ತಲೇಬಾರದು, ಅಷ್ಟೇ.

ಕಾಫಿ, ತಣ್ಣೀರು ಸ್ನಾನ, ಮಜ್ಜಿಗೆ, ಯಾವುದೂ ಕುಡಿತದ ಅಮಲನ್ನು ಇಳಿಸುವುದಿಲ್ಲ. ಲಿವರ್ ಗಂಟೆಗೆ ಹೆಚ್ಚುಕಮ್ಮಿ ಒಂದು ಡ್ರಿಂಕ್ ಮಾತ್ರ ಕರಗಿಸುತ್ತದೆ, ಅದಕ್ಕೆ ಅವಸರ ಮಾಡಿಸೋಕೆ ಆಗಲ್ಲ. ಇನ್ನೊಂದು ವಿಷಯ. ಕುಡಿಯುವುದು ನಿಲ್ಲಿಸಿದ ಮೇಲೂ ಹೊಟ್ಟೆಯಲ್ಲಿರುವುದು ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಹಾಗಾಗಿ "ಮಲಗಿದರೆ ಸರಿಹೋಗ್ತಾನೆ ಬಿಡು" ಅಂತ ಒಬ್ಬನನ್ನೇ ರೂಮಿಗೆ ಹಾಕಿ ಬಾಗಿಲು ಎಳೆದುಕೊಳ್ಳಬೇಡಿ. ವಾಂತಿ ಬಂದರೆ ಉಸಿರುಗಟ್ಟದಂತೆ ಮಗ್ಗುಲಾಗಿ ಮಲಗಿಸಿ, ಪಕ್ಕದಲ್ಲೇ ಇರಿ. ಎಬ್ಬಿಸಿದರೆ ಏಳುತ್ತಿಲ್ಲ, ಉಸಿರಾಟದ ನಡುವೆ ಹತ್ತು ಸೆಕೆಂಡ್ ಅಂತರ ಬೀಳುತ್ತಿದೆ, ಮೈ ತಣ್ಣಗಾಗಿದೆ, ತುಟಿ ನೀಲಿಯಾಗಿದೆ ಅಂದರೆ ಆಂಬುಲೆನ್ಸ್ ಕರೆಸಿ. ಮನೆಗೆ ಗೊತ್ತಾಗುತ್ತೆ, ವಾರ್ಡನ್ ಬೈತಾರೆ ಅನ್ನೋದೆಲ್ಲ ಆಮೇಲಿನ ಮಾತು.

ಹಾಗಾದರೆ ಬ್ಲ್ಯಾಕ್‌ಔಟ್ ಶುರುವಾಗಿದೆ ಅಂತ ಪಕ್ಕದಲ್ಲಿರುವವರಿಗೆ ತಿಳಿಯುವುದೇ ಇಲ್ವಾ? ಖಚಿತವಾಗಿ ಹೇಳುವುದು ಕಷ್ಟ. ಆದರೆ ಒಂದು ಸುಳಿವಿದೆ. ಹತ್ತು ನಿಮಿಷದ ಹಿಂದೆ ಕೇಳಿದ್ದನ್ನೇ ಅವನು ಮತ್ತೆ ಕೇಳುತ್ತಾನೆ, ಹೇಳಿದ ಜೋಕನ್ನೇ ಹೊಸದು ಅನ್ನೋ ಹಾಗೆ ಮತ್ತೆ ಹೇಳುತ್ತಾನೆ. ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಅವನ ಕೈಯಿಂದ ಗ್ಲಾಸು ತೆಗೆದಿಡಬೇಕಾದದ್ದು ಆಗಲೇ.