ಗಾಜು ಹೊತ್ತವನು ಯಾರ ಆಳು?

ಕಳೆದ ವರ್ಷ ನಮ್ಮ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯ ಮನೆಗೆ ಬಚ್ಚಲಿನ ಗಾಜು ಬಂತು. ಹತ್ತು ಎಂಎಂ ಟಫನ್ಡ್, ಆರೂವರೆ ಅಡಿ ಎತ್ತರ, ಮೂರಡಿ ಅಗಲ. ಲಿಫ್ಟಿನಲ್ಲಿ ತರಬಾರದು ಅಂತ ಅಸೋಸಿಯೇಷನ್ನಿನವರ ಕಟ್ಟಪ್ಪಣೆ; ಒಳಗಿನ ಕನ್ನಡಿಗೆ ಗೀರು ಬೀಳುತ್ತದಂತೆ. ಇಬ್ಬರು ಹುಡುಗರು ಮೆಟ್ಟಿಲ ಮೇಲೆಯೇ ಹೊತ್ತು ತಂದರು. ಕೈಯಲ್ಲಿ ಗ್ಲೌಸ್ ಇರಲಿಲ್ಲ. ಸೈಕಲ್ ಟ್ಯೂಬನ್ನು ಗೇಣುದ್ದಕ್ಕೆ ಕತ್ತರಿಸಿ ಮಡಚಿಕೊಂಡ ತುಂಡುಗಳಿದ್ದವು, ಅಂಚು ಹಿಡಿಯಲು. ತಿರುವಿನಲ್ಲಿ ಕೆಳಗಿದ್ದವನ ಕಾಲು ಒಂದು ಕ್ಷಣ ತಡವರಿಸಿತು. ಮೇಲಿದ್ದವನು ತಣ್ಣಗೆ ಹೇಳಿದ: "ಜಾರಿದ್ರೆ ಬಿಟ್ಬಿಡು. ಹಿಡ್ಕೊಳೋಕ್ ಹೋಗ್ಬೇಡ."

ಈ ಕೆಲಸದ ಮೊದಲ ಪಾಠ ಅದು. ಬೀಳುವುದನ್ನು ಹಿಡಿಯುವುದು ಕೈಗೆ ಹುಟ್ಟಿನಿಂದ ಬಂದ ಅಭ್ಯಾಸ. ಗಾಜಿನವರು ಅದನ್ನು ಮರೆಯಬೇಕು.

ಅಂಗಡಿಯವರಿಗೆ ಫೋನ್ ಮಾಡಿ, ಹುಡುಗರಿಗೆ ಗ್ಲೌಸ್ ಕೊಡಬಾರದೇ ಅಂದೆ. "ಅವ್ರು ನಮ್ಮೋರಲ್ಲ ಸಾರ್. ನಮ್ದು ಗಾಜು ಮಾತ್ರ, ಫಿಟಿಂಗ್‌ನೋರು ಬೇರೆ" ಅಂದರು. ಗಾಯಗೊಂಡ ಗಾಜಿನ ಕೆಲಸಗಾರರ ಪರಿಹಾರದ ನೂರು ವರ್ಷದ ಕಥೆಯೆಲ್ಲ ಸುತ್ತುವುದು ಈ ಒಂದು ಮಾತಿನ ಸುತ್ತಲೇ.

ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರ ನವೆಂಬರ್ 30ರಂದು. ಕಬ್ಬಿಣದ ಭಾಗಗಳು ಗ್ಲಾಸ್ಗೋದಲ್ಲಿ ಎರಕವಾಗಿ ಬಂದವು. ಅಡಿಗಲ್ಲಿಟ್ಟ ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರನ ಹೆಸರು ಇವತ್ತಿಗೂ ಎಲ್ಲರ ಬಾಯಲ್ಲಿದೆ. ಆ ಮಾಡಿನ ಮೇಲೆ ಗಾಜು ಕೂರಿಸಿದವರಲ್ಲಿ ಯಾರಾದರೂ ಜಾರಿ ಬಿದ್ದಿದ್ದರೆ ಹಕ್ಕಿನಿಂದ ಕೇಳಲು ಕಾಯ್ದೆಯೇ ಇರಲಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ 1855ರ ಮಾರಣಾಂತಿಕ ಅಪಘಾತ ಕಾಯ್ದೆ ಒಂದಿತ್ತು. ಆದರೆ ಸತ್ತವನ ಮನೆಯವರು ಕೋರ್ಟಿಗೆ ಹೋಗಿ ಧಣಿಯದೇ ತಪ್ಪು ಎಂದು ಸಾಧಿಸಬೇಕಿತ್ತು. ಧಣಿಯ ಕಡೆ ವಕೀಲರ ಬಳಿ ಸಿದ್ಧ ಉತ್ತರಗಳಿದ್ದವು. ಅಪಾಯ ಗೊತ್ತಿದ್ದೇ ಕೆಲಸಕ್ಕೆ ಬಂದ. ಅವನೇ ಎಚ್ಚರ ತಪ್ಪಿದ. ತಪ್ಪು ನನ್ನದಲ್ಲ, ಜೊತೆಯವನದು. ಈ ಮೂರನೆಯ ವಾದಕ್ಕೆ ಇಂಗ್ಲೆಂಡಿನಲ್ಲಿ 1837ರಿಂದಲೇ ಕೋರ್ಟಿನ ಮುದ್ರೆ ಬಿದ್ದಿತ್ತು. ಇಬ್ಬರು ಹೊರುವ ಗಾಜಿಗೆ ಇದನ್ನು ಅನ್ವಯಿಸಿ ನೋಡಿ. ಮೇಲಿದ್ದವನು ಕೈಬಿಟ್ಟರೆ ಕೆಳಗಿದ್ದವನ ಮಣಿಕಟ್ಟಿಗೆ ಯಾರೂ ಹೊಣೆಯಲ್ಲ.

ಇಂಗ್ಲೆಂಡ್ ತನ್ನ ನಿಯಮವನ್ನು ಬದಲಿಸಿದ್ದು 1897ರಲ್ಲಿ. ತಪ್ಪು ಯಾರದೆಂದು ಕೇಳಬೇಡ, ಕೆಲಸದಿಂದಾಗಿ, ಕೆಲಸದ ಹೊತ್ತಿನಲ್ಲಿ ಪೆಟ್ಟಾಗಿದ್ದರೆ ಮಾಲೀಕ ಕೊಡಲಿ ಎಂಬ ತತ್ವ ಆಗ ಬಂತು. ಅದೇ ತತ್ವದ ಮೇಲೆ ಇಲ್ಲಿ 1923ರ ಕಾರ್ಮಿಕರ ಪರಿಹಾರ ಕಾಯ್ದೆ ಹುಟ್ಟಿ, 1924ರ ಜುಲೈ 1ರಿಂದ ಜಾರಿಗೆ ಬಂತು.

ಕಾಯ್ದೆ ಬರೆದವರ ಕಣ್ಣ ಮುಂದಿದ್ದದ್ದು ಗಿರಣಿ, ಗಣಿ, ರೈಲು. ಒಂದು ಗೇಟು, ಒಬ್ಬ ಮಾಲೀಕ, ಒಂದು ಹಾಜರಿ ಪುಸ್ತಕ, ಕೈ ಕತ್ತರಿಸುವ ಒಂದು ಯಂತ್ರ. ಅದಕ್ಕೇ ಅದರ ಮೊದಲ ಅನುಸೂಚಿ ಅಂಗಾಂಗಗಳ ಬೆಲೆಪಟ್ಟಿಯ ಹಾಗಿದೆ. ಹೆಬ್ಬೆರಳು ಹೋದರೆ ಶೇ 30ರಷ್ಟು ದುಡಿಮೆ ಹೋಯಿತು, ತೋರುಬೆರಳು ಪೂರ್ತಿ ಹೋದರೆ ಶೇ 14, ಒಂದು ಕೈಯ ನಾಲ್ಕು ಬೆರಳಿಗೆ ಶೇ 50. ಯಾರನ್ನು ಕಾರ್ಮಿಕ ಎನ್ನಬೇಕು ಎಂಬಲ್ಲಿ ಇನ್ನೊಂದು ಸಣ್ಣ ವಾಕ್ಯವಿತ್ತು. ಬಿಡಿಯಾಗಿ ಕೆಲಸಕ್ಕೆ ಬಂದವನು, ಅದೂ ಮಾಲೀಕನ ವ್ಯಾಪಾರಕ್ಕೆ ಸೇರದ ಕೆಲಸಕ್ಕೆ ಬಂದವನು, ಕಾರ್ಮಿಕನಲ್ಲ. ಈ ಸಾಲನ್ನು ಕಾಯ್ದೆಯಿಂದ ಕಿತ್ತು ಹಾಕಿದ್ದು 2000ದ ತಿದ್ದುಪಡಿ. ಅಷ್ಟರಲ್ಲಿ ಎಪ್ಪತ್ತೇಳು ವರ್ಷ ಕಳೆದಿತ್ತು.

ಈ ನಡುವೆ ಗಾಜಿನ ಕೆಲಸವೇ ಬೇರೆಯಾಯಿತು. ನಮ್ಮ ಅಜ್ಜನ ಕಾಲದ ಮನೆಗಳಲ್ಲಿ ಗಾಜು ಬಡಗಿಯ ಕೆಲಸದ ಬಾಲ. ಮರದ ಚೌಕಟ್ಟಿಗೆ ಮೂರು ನಾಲ್ಕು ಎಂಎಂ ತುಂಡು ಕೂರಿಸಿ, ಬೀಡಿಂಗ್ ಹೊಡೆದೋ ಪುಟ್ಟಿ ಮೆತ್ತಿಯೋ ಮುಗಿಸುತ್ತಿದ್ದರು. ಗಾಜಿನ ತೂಕದ ಲೆಕ್ಕ ಸುಲಭ. ಒಂದು ಚದರ ಮೀಟರಿಗೆ, ಪ್ರತಿ ಮಿಲಿಮೀಟರ್ ದಪ್ಪಕ್ಕೆ, 2.5 ಕಿಲೋ. ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ಹಳೆಯ ಕಿಟಕಿ ಗಾಜು ಒಂದೂವರೆ ಕಿಲೋ ಸಹ ತೂಗುತ್ತಿರಲಿಲ್ಲ. ಈಗ ಬಟ್ಟೆ ಅಂಗಡಿಯ ಬಾಗಿಲಿಗೆ ಹಾಕುವ ಹನ್ನೆರಡು ಎಂಎಂ ಗಾಜು, ಏಳಡಿಗೆ ನಾಲ್ಕಡಿ, ಎಪ್ಪತ್ತೆಂಟು ಕಿಲೋ. ನಮ್ಮ ಮೆಟ್ಟಿಲು ಹತ್ತಿದ್ದು ನಲವತ್ತೈದು.

ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಹಾಳೆ ಮಾಡುವ ಫ್ಲೋಟ್ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಲೋಕಕ್ಕೆ ತಿಳಿಸಿದ್ದು 1959ರಲ್ಲಿ. ಅದು ಭಾರತದಲ್ಲಿ ನೆಲೆಯೂರಿದ್ದು ತೊಂಬತ್ತರ ದಶಕದಲ್ಲಿ. 2000ದ ಹೊತ್ತಿಗೆ ಚೆನ್ನೈ ಹತ್ತಿರದ ಶ್ರೀಪೆರಂಬದೂರಿನಲ್ಲೂ ದೊಡ್ಡ ಕಾರ್ಖಾನೆ ಎದ್ದಿತು. ಇತ್ತ ವೈಟ್‌ಫೀಲ್ಡಿನಲ್ಲಿ ಐಟಿಪಿಎಲ್ ಎಂಬ ಟೆಕ್ ಪಾರ್ಕು ತೆರೆದದ್ದು 1998ರಲ್ಲಿ. ಆಮೇಲೆ ಬೆಂಗಳೂರು ಗೋಡೆ ಕಟ್ಟುವುದನ್ನೇ ಬಿಟ್ಟಿತೇನೋ ಅನ್ನುವ ಹಾಗೆ ಗಾಜು ಹೊದ್ದುಕೊಂಡಿತು. ಈ ಬಿಸಿಲಿನ ಊರಿಗೆ ಅದು ಬೇಕಿತ್ತೇ ಎಂಬುದು ಬೇರೆ ಜಗಳ.

ಗಾಜು ಬದಲಾದ ಹಾಗೆ ಗಾಯವೂ ಬದಲಾಯಿತು. ಸಾದಾ ಗಾಜು ಒಡೆದರೆ ಚೂರಿಗಳಾಗುತ್ತದೆ. ಟಫನ್ಡ್ ಗಾಜನ್ನು 600 ಡಿಗ್ರಿಗೂ ಮೇಲೆ ಕಾಯಿಸಿ ಫಕ್ಕನೆ ಗಾಳಿಯೂದಿ ತಣಿಸಿರುತ್ತಾರೆ. ಅದು ಒಡೆದರೆ ಕಲ್ಲುಸಕ್ಕರೆಯ ಹಾಗೆ ಪುಡಿ. ಬಳಸುವವರಿಗೆ ಇದರಿಂದ ಕ್ಷೇಮ. ಹೊರುವವರಿಗೆ ಬೇರೆ ಕಷ್ಟ. ಆ ಗಾಜಿನ ನಡುಮೈಗೆ ಗುದ್ದಿದರೂ ತಡೆದೀತು, ಮೂಲೆಯನ್ನು ಗ್ರಾನೈಟ್ ನೆಲಕ್ಕೆ ತಾಗಿಸಿದರೆ ಇಡೀ ಹಾಳೆ ಕೈಯಲ್ಲೇ ಸಿಡಿಯುತ್ತದೆ. ಅದಕ್ಕೇ ಇಳಿಸುವ ಮೊದಲು ನೆಲಕ್ಕೆ ಥರ್ಮಾಕೋಲ್ ಚೂರೋ ಪ್ಲೈವುಡ್ ಚೂರೋ ಹಾಕುತ್ತಾರೆ. ಒಮ್ಮೆ ಟಫನ್ ಮಾಡಿದ ಗಾಜನ್ನು ಮತ್ತೆ ಕತ್ತರಿಸಲಾಗದು. ಅಳತೆ ಒಂದು ನೂಲು ತಪ್ಪಿದರೂ ಸೈಟಿನಲ್ಲಿ ಒತ್ತಿ, ಬಗ್ಗಿಸಿ ಕೂರಿಸಲು ಹೋಗುತ್ತಾರೆ, ಸಿಡಿಯುವುದು ಆಗ.

ಜೀವ ತೆಗೆಯುವುದು ಮಾತ್ರ ಹೆಚ್ಚಾಗಿ ಕೊಯ್ತವಲ್ಲ, ಭಾರ. ಕಾರ್ಖಾನೆಯಿಂದ ಬರುವ ದೊಡ್ಡ ಹಾಳೆ 6 ಮೀಟರ್ ಉದ್ದ, 3.21 ಮೀಟರ್ ಅಗಲ. ಐದು ಎಂಎಂ ಆದರೂ ಒಂದೊಂದು ಹಾಳೆ 240 ಕಿಲೋ. ಅಂಥ ಹತ್ತು ಹಾಳೆಗಳನ್ನು ಸ್ಟ್ಯಾಂಡಿಗೆ ತುಸುವೇ ವಾಲಿಸಿ ನಿಲ್ಲಿಸಿರುತ್ತಾರೆ. ಕಟ್ಟು ಬಿಚ್ಚುವಾಗ ಲಾರಿ ಇಳಿಜಾರಿನಲ್ಲಿ ನಿಂತಿದ್ದರೆ ಹಾಳೆಗಳು ಎದುರಿದ್ದವನ ಕಡೆಗೆ ಮಗುಚುತ್ತವೆ. ಆಗ ಓಡಬೇಕು. ಒಬ್ಬ ಮನುಷ್ಯ ಎರಡೂ ಕೈ ಚಾಚಿ ಎರಡೂವರೆ ಟನ್ ತಡೆಯಲು ನಿಲ್ಲುತ್ತಾನೆಂದರೆ ಅದು ಪೆದ್ದುತನವಲ್ಲ. ಮತ್ತೆ ಅದೇ ಹುಟ್ಟಿನ ಅಭ್ಯಾಸ.

ಎತ್ತರದ ಕೆಲಸದ ಮಾತು ಹೆಚ್ಚು ಬೇಡ. ಹೊರಗೋಡೆಗೆ ನೇತುಬಿಡುವ ತೊಟ್ಟಿಲು, ಸೇಫ್ಟಿ ಬೆಲ್ಟು, ಬೆಲ್ಟಿಗೊಂದು ಬೇರೆಯದೇ ಹಗ್ಗ ಇರಬೇಕೆಂಬುದು ದೊಡ್ಡ ಸೈಟುಗಳಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಮಣಿಕಟ್ಟಿನ ಕಥೆ.

ಗಾಜು ಜಾರಿದಾಗ ಕೊಯ್ಯುವುದು ಸಾಮಾನ್ಯವಾಗಿ ಅಂಗೈ, ಮಣಿಕಟ್ಟು, ಮುಂಗೈಯ ಒಳಭಾಗ. ಬೆರಳು ಮಡಚುವ ಸ್ನಾಯುರಜ್ಜುಗಳು, ಸ್ಪರ್ಶ ಕೊಡುವ ನರಗಳು, ರಕ್ತನಾಳ, ಎಲ್ಲವೂ ಅಲ್ಲಿ ಚರ್ಮದ ಕೆಳಗೇ ಒತ್ತೊತ್ತಾಗಿವೆ. ನಮ್ಮ ಜನ ಎಲ್ಲದಕ್ಕೂ "ನರ ಕಟ್ ಆಯ್ತು" ಅನ್ನುತ್ತಾರೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಮೇಲಿನ ಚರ್ಮಕ್ಕೆ ಹೊಲಿಗೆ ಹಾಕಿಸಿಕೊಂಡು ಊರಿಗೆ ಹೋದವನಿಗೆ, ಗಾಯ ಮಾಯ್ದ ಮೇಲೆ ಬೆರಳು ಮಡಚುತ್ತಿಲ್ಲ ಎಂದು ಗೊತ್ತಾಗುತ್ತದೆ. ಐದೂ ಬೆರಳಿವೆ. ಬಟನ್ ಹಾಕಲು ಬರುವುದಿಲ್ಲ.

1923ರ ಬೆಲೆಪಟ್ಟಿ ಇಲ್ಲಿ ಕೈಕೊಡುತ್ತದೆ. ಅದು ಎಣಿಸುವುದು ಹೋದ ಬೆರಳನ್ನು, ಇಲ್ಲವೇ ಪೂರ್ತಿ ಕೆಲಸ ಬಿಟ್ಟ ಬೆರಳನ್ನು. ಅರೆಬರೆ ಮಡಚುವ ಬೆರಳಿಗೆ ಪಟ್ಟಿಯಲ್ಲಿ ಸಾಲಿಲ್ಲ. ಅಂಥ ಗಾಯಕ್ಕೆ, ದುಡಿಯುವ ಶಕ್ತಿ ಎಷ್ಟು ಹೋಯಿತೆಂದು ವೈದ್ಯರು ಅಂದಾಜಿಸಿ ಬರೆದುಕೊಡಬೇಕು. ಪ್ರತಿ ಕೇಸಿನಲ್ಲೂ ಜಗ್ಗಾಟ ನಡೆಯುವುದು ಆ ಶೇಕಡಾವಾರಿನ ಮೇಲೆ.

ಈ ಜಗ್ಗಾಟಕ್ಕೆ ದಾರಿ ತೋರಿದ್ದು ಒಬ್ಬ ಬಡಗಿಯ ಕೇಸು. 1968ರ ಜುಲೈನಲ್ಲಿ ಒಂದು ಸಿನಿಮಾ ಮಂದಿರದೊಳಗೆ ಅಲಂಕಾರದ ಕೆಲಸ ಮಾಡುತ್ತಿದ್ದವನು ಕೆಳಗೆ ಬಿದ್ದು ಎಡಗೈ ಕತ್ತರಿಸಬೇಕಾಯಿತು. ಮಾಲೀಕರ ವಾದ, ಪಟ್ಟಿಯ ಪ್ರಕಾರ ಇದು ಭಾಗಶಃ ಅಂಗವೈಕಲ್ಯ ಅಷ್ಟೆ. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಒಂದು ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಆದ್ದರಿಂದ ಈ ಮನುಷ್ಯನ ಮಟ್ಟಿಗೆ ನಷ್ಟ ನೂರಕ್ಕೆ ನೂರು ಎಂದಿತು. ಪರಿಹಾರ ಕೊಡುವ ಹೊಣೆ ಹುಟ್ಟುವುದು ಇಂಥ ಕೇಸು ತೀರ್ಮಾನಿಸುವ ಆಯುಕ್ತರ ಆದೇಶದ ದಿನವಲ್ಲ, ಅಪಘಾತದ ದಿನವೇ ಎಂದೂ ಹೇಳಿತು. ತಿಂಗಳೊಳಗೆ ಕೊಡದಿದ್ದರೆ 1923ರ ಕಾಯ್ದೆಯಲ್ಲಿ ಕೊನೆಕೊನೆಗೆ ಶೇ 12ರ ಬಡ್ಡಿ, ಸಕಾರಣವಿಲ್ಲದಿದ್ದರೆ ಅಸಲಿನ ಅರ್ಧದವರೆಗೆ ದಂಡ ಇತ್ತು. ನನ್ನ ಮಟ್ಟಿಗೆ ಗಾಜಿನವರಿಗೆ ಪಾರ್ಲಿಮೆಂಟಿನ ಯಾವ ಕಾಯ್ದೆಗಿಂತಲೂ ಹೆಚ್ಚು ಉಪಕಾರ ಮಾಡಿದ್ದು ಈ ಬಡಗಿ.

ಹಣದ ಲೆಕ್ಕ ಹೀಗಿದೆ. ತಿಂಗಳ ಕೂಲಿಯ ಶೇ 60ನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಬೇಕು. ಮೂವತ್ತರವನಿಗೆ ಅದು 207.98. ಕೂಲಿ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವ ಮಿತಿ 2010ರಲ್ಲಿ 8,000 ರೂಪಾಯಿ, 2020ರ ಜನವರಿಯಲ್ಲಿ 15,000 ಆಯಿತು. ಆ ಮಿತಿಯಲ್ಲಿ ಪೂರ್ಣ ಅಂಗವೈಕಲ್ಯಕ್ಕೆ 18,71,820 ರೂಪಾಯಿ. ತೋರುಬೆರಳೊಂದೇ ಹೋಗಿದ್ದರೆ ಅದರ ಶೇ 14, ಸುಮಾರು 2.62 ಲಕ್ಷ. ವೈದ್ಯರ ಚೀಟಿಯಲ್ಲಿ ಶೇ 14 ಇರುವುದಕ್ಕೂ ಶೇ 40 ಇರುವುದಕ್ಕೂ ಎಷ್ಟು ಅಂತರವೆಂದು ಇದರಿಂದಲೇ ಗೊತ್ತಾಗುತ್ತದೆ.

ಮಿಕ್ಕ ಕಾನೂನುಗಳು ಹತ್ತರ ಲೆಕ್ಕದವು. ಇಎಸ್‌ಐ ಎಂಬ ನೌಕರರ ವಿಮೆಗೆ ಸಾಮಾನ್ಯವಾಗಿ ಕೆಲಸದ ಜಾಗದಲ್ಲಿ ಹತ್ತು ಜನ ಇರಬೇಕು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಗೂ ಹತ್ತೇ ಬೇಕಿತ್ತು. ಅದರ ಜೊತೆಗೇ ಬಂದ ಸೆಸ್ ಕಾಯ್ದೆಯಿಂದ ಕಟ್ಟಡದ ವೆಚ್ಚದ ಶೇ 1 ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗತೊಡಗಿತು. ಕರ್ನಾಟಕ ಕಟ್ಟಡ ಕಾರ್ಮಿಕರ ಕಾಯ್ದೆಗೆ ನಿಯಮ ಮಾಡಿದ್ದು 2006ರಲ್ಲಿ. ದೇಶದ ಮಂಡಳಿಗಳೆಲ್ಲ ಸೇರಿ 37,400 ಕೋಟಿಗೂ ಹೆಚ್ಚು ಕೂಡಿಸಿ, ಖರ್ಚು ಮಾಡಿದ್ದು 9,500 ಕೋಟಿಯಷ್ಟೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಬೇಸರಪಟ್ಟುಕೊಂಡಿತು. ಮಂಡಳಿಯ ಕಾರ್ಡಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಪುರಾವೆ ಬೇಕು. ಅದಕ್ಕೆ ಸಹಿ ಹಾಕುವವರು ಯಾರು? ನಾಲ್ಕು ಹುಡುಗರ ಗಾಜಿನ ತಂಡ ಈ ಹತ್ತರ ಬಲೆಯ ಕಣ್ಣಿನಿಂದ ಸಲೀಸಾಗಿ ಜಾರುತ್ತದೆ. ಕಟ್ಟಡ ಕೆಲಸದ ಮಟ್ಟಿಗೆ 1923ರ ಕಾಯ್ದೆ ಮಾತ್ರ ತಲೆ ಎಣಿಸುವುದಿಲ್ಲ. ಅದು ನೋಡುವುದು ಕಟ್ಟಡವನ್ನು: ಒಂದಕ್ಕಿಂತ ಹೆಚ್ಚು ಅಂತಸ್ತು ಇರಬೇಕು, ಇಲ್ಲವೇ ನೆಲದಿಂದ ಮಾಡಿನ ತುದಿಗೆ ಹನ್ನೆರಡು ಅಡಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಏಳನೇ ಅಧ್ಯಾಯದಲ್ಲಿ ಈ ಹಳೆಯ ಕಾಯ್ದೆ ಸೇರಿಕೊಂಡಿದೆ. ಮನೆಯಿಂದ ಕೆಲಸಕ್ಕೆ ಹೋಗಿ ಬರುವ ದಾರಿಯ ಅಪಘಾತವೂ ಈಗ ಅದರೊಳಗೆ ಬರುತ್ತದೆ.

ಹಾಗಾದರೆ ನಮ್ಮ ಮೆಟ್ಟಿಲ ಮೇಲಿದ್ದ ಆ ಹುಡುಗರು ಯಾರ ಆಳು? ಹಳೆಯ ಕಾಯ್ದೆಯ 12ನೇ ಕಲಮಿನಲ್ಲಿ ಉತ್ತರವಿದೆ. ತನ್ನ ವ್ಯಾಪಾರಕ್ಕೆ ಸೇರಿದ ಕೆಲಸವನ್ನು ಗುತ್ತಿಗೆದಾರನಿಂದ ಮಾಡಿಸಿದರೆ, ಆ ಗುತ್ತಿಗೆದಾರನ ಆಳಿಗೂ ಮಾಡಿಸಿದವನೇ ಪರಿಹಾರ ಕೊಡಬೇಕು; ಆಮೇಲೆ ಬೇಕಾದರೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ. ಬಚ್ಚಲು ಕಟ್ಟಿಸಿಕೊಂಡ ಮನೆಯವರಿಗೆ ಗಾಜು ವ್ಯಾಪಾರವಲ್ಲ, ಹಾಗಾಗಿ ಅವರು ಈ ಕಲಮಿಗೆ ಸಿಗುವುದಿಲ್ಲ. ಗಾಜು ಮಾರಿ, ಬಿಲ್ಲಿನಲ್ಲಿ ಫಿಟಿಂಗ್ ಚಾರ್ಜನ್ನೂ ಸೇರಿಸಿದ ಅಂಗಡಿಯವರಿಗೆ "ನಮ್ಮೋರಲ್ಲ" ಅನ್ನುವುದು ಅಷ್ಟು ಸುಲಭವಲ್ಲ.

ಇದೇ ಹುಡುಗರು ಮಾರನೇ ದಿನ ಟೆಕ್ ಪಾರ್ಕಿನ ಕೆಲಸಕ್ಕೆ ಹೋದರೆ ಗೇಟಿನಲ್ಲೇ ಡಬ್ಲ್ಯುಸಿ, ಅಂದರೆ ಕಾರ್ಮಿಕ ಪರಿಹಾರ ವಿಮೆಯ ಪಾಲಿಸಿಯ ಪ್ರತಿ, ಹೆಸರಿನ ಪಟ್ಟಿ, ಹೆಲ್ಮೆಟ್ಟು ಕೇಳುತ್ತಾರೆ. ಅಲ್ಲಿ ಅವರು ಯಾರವರೆಂದು ಬೆಳಗ್ಗೆ ಒಂಬತ್ತಕ್ಕೇ ಬರೆದಾಗಿರುತ್ತದೆ. ಮನೆ ಕೆಲಸದಲ್ಲಿ ಆ ಕಾಗದ ಹುಟ್ಟುವುದು ಗಾಯವಾದ ಮೇಲೆ, ಪೊಲೀಸರಿಗೆ ತಿಳಿಸಬೇಕಾದ ಗಾಯಗಳನ್ನು ಬರೆದಿಡುವ ಆಸ್ಪತ್ರೆಯ ಎಂಎಲ್‌ಸಿ ಪುಸ್ತಕದಲ್ಲಿ. ಹೇಗಾಯಿತು ಎಂದು ಡ್ಯೂಟಿ ಡಾಕ್ಟರು ಕೇಳಿದಾಗ ಪಕ್ಕದಲ್ಲಿ ಆಸ್ಪತ್ರೆ ಖರ್ಚು ಕೊಡಲು ಬಂದ ಮೇಸ್ತ್ರಿ ನಿಂತಿರುತ್ತಾನೆ, ಹುಡುಗ ಅವನ ಮುಖ ನೋಡುತ್ತಾನೆ. "ಮನೇಲಿ ಕಿಟಕಿ ಗಾಜು ತಾಗ್ತು" ಎಂದು ಬರೆಸಿದರೆ ಆಯುಕ್ತರ ಮುಂದೆ ಮೊದಲು ಬರುವುದು ಆ ಸಾಲೇ. ಇಂಥ ಹುಡುಗರಿಗೆ, ಯಾರ ಸೈಟು, ಯಾರು ಕಳಿಸಿದ್ದು ಎಂಬ ಎರಡು ಮಾತು ಸೇರಿಸಿ ಬರೆಸಬೇಕೆಂದು ಹೇಳಿಕೊಡುವವರು ಕಡಿಮೆ. ಅರ್ಜಿ ಹಾಕಲು ಇರುವುದು ಎರಡು ವರ್ಷ. ಬೆರಳು ಇನ್ನು ಮಡಚುವುದಿಲ್ಲ ಎಂದು ಖಾತ್ರಿಯಾಗುವಷ್ಟರಲ್ಲಿ ಅದರಲ್ಲಿ ಎಷ್ಟೋ ತಿಂಗಳು ಕಳೆದಿರುತ್ತವೆ.