ಇಮ್ಯುನೋಮೆಟಬಾಲಿಸಂ: ರಕ್ಷಣಾ ಕೋಶಗಳ ಹೊಟ್ಟೆಪಾಡು

ಶಿರಸಿ ಪೇಟೆಯ ಔಷಧಿ ಅಂಗಡಿಗಳಲ್ಲಿ ‘ಇಮ್ಯುನಿಟಿ ಹೆಚ್ಚಿಸುವ’ ಡಬ್ಬಿಯೂ ಸಿಗುತ್ತದೆ, ಶುಗರ್ ಮಾತ್ರೆಯೂ ಸಿಗುತ್ತದೆ. ಎರಡಕ್ಕೂ ಏನು ನಂಟು? ಅದನ್ನು ಹೇಳುವ ಪದವೇ ಇಮ್ಯುನೋಮೆಟಬಾಲಿಸಂ. ರೋಗದ ಜೊತೆ ಹೊಡೆದಾಡುವ ಕೋಶಗಳು ಏನನ್ನು ಉರಿಸಿ ಶಕ್ತಿ ಪಡೆಯುತ್ತವೆ, ಅದರಿಂದ ಅವುಗಳ ನಡವಳಿಕೆ ಹೇಗೆ ಬದಲಾಗುತ್ತದೆ ಅನ್ನೋದರ ಅಧ್ಯಯನ ಇದು.

ಮ್ಯಾಕ್ರೋಫೇಜ್ ಕೋಶವನ್ನೇ ನೋಡಿ. ರೋಗಾಣು, ಸತ್ತ ಕೋಶ ಎಲ್ಲವನ್ನೂ ನುಂಗುವುದು ಇದರ ಕೆಲಸ. ತಣ್ಣಗಿರುವಾಗ ಕೋಶದೊಳಗಿನ ಶಕ್ತಿಮನೆಯಾದ ಮೈಟೊಕಾಂಡ್ರಿಯದಲ್ಲಿ ಆಮ್ಲಜನಕ ಬಳಸಿ ನಿಧಾನಕ್ಕೆ ಶಕ್ತಿ ಮಾಡಿಕೊಳ್ಳುತ್ತದೆ. ಬ್ಯಾಕ್ಟೀರಿಯಾದ ಸುಳಿವು ಸಿಕ್ಕಿತೋ, ಮೈಟೊಕಾಂಡ್ರಿಯಕ್ಕೆ ಹೋಗದೆ ಗ್ಲೂಕೋಸ್ ಅನ್ನು ಬೇಗ ಒಡೆಯುವ ದಾರಿಯಾದ ಗ್ಲೈಕಾಲಿಸಿಸ್‌ಗೆ ಹೊರಳುತ್ತದೆ. ಬಚ್ಚಲೊಲೆಗೆ ಕುಂಟೆ ಬಿಟ್ಟು ಒಣ ಸೋಗೆ ತುರುಕಿದ ಹಾಗೆ: ಭಗ್ಗನೆ ಹೊತ್ತಿಕೊಳ್ಳುತ್ತದೆ, ಆದರೆ ಹೊರೆಗಟ್ಟಲೆ ಬೇಕು. ಒಂದು ಗ್ಲೂಕೋಸ್ ಅಣುವಿಗೆ ಈ ದಾರಿಯಲ್ಲಿ ದಕ್ಕುವುದು ಬರೀ 2 ಎಟಿಪಿ (ಕೋಶ ಖರ್ಚು ಮಾಡುವ ಶಕ್ತಿಯ ಅಣು). ಮೈಟೊಕಾಂಡ್ರಿಯದವರೆಗೆ ಹೋದರೆ ಸುಮಾರು 30. ನಷ್ಟದ ವ್ಯಾಪಾರ ಅನಿಸುತ್ತದೆ ಅಲ್ವಾ? ಕೋಶಕ್ಕೆ ಆಗ ಬೇಕಾದದ್ದು ವೇಗ. ಅದೇ ಹೊತ್ತಿಗೆ ಮೈಟೊಕಾಂಡ್ರಿಯದ ಕೆಲಸ ನಡುವೆ ತಡೆದು, ಸಕ್ಸಿನೇಟ್ ಅನ್ನೋ ವಸ್ತು ಜಮೆಯಾಗುತ್ತದೆ. ಅದರಿಂದ ಐಎಲ್-1 ಬೀಟಾ ಎಂಬ ಉರಿಯೂತದ ಸಂದೇಶ ಜಾಸ್ತಿಯಾಗುತ್ತದೆ. ಮಜಾ ಅಂದರೆ, ಇದೇ ಕೋಶ ಇಟಾಕೊನೇಟ್ ಅನ್ನೋ ವಸ್ತುವನ್ನೂ ತಯಾರಿಸುತ್ತದೆ. ಅದು ಉರಿಯೂತವನ್ನು ತಗ್ಗಿಸುತ್ತದೆ.

ಗಾಯವಾದಾಗ ಇದೆಲ್ಲ ನಾಲ್ಕು ದಿನದ ಗಲಾಟೆ. ಬೊಜ್ಜಿನಲ್ಲಿ ಹಾಗಲ್ಲ. ಉಬ್ಬಿ ಸಾಯುವ ಕೊಬ್ಬಿನ ಕೋಶಗಳನ್ನು ಮ್ಯಾಕ್ರೋಫೇಜ್‌ಗಳು ಸುತ್ತುವರಿಯುತ್ತವೆ, ಎದ್ದು ಹೋಗುವುದೇ ಇಲ್ಲ. ಬೊಜ್ಜಿನ ಇಲಿಗಳ ಕೊಬ್ಬಿನಲ್ಲಿ ಟಿಎನ್ಎಫ್ ಆಲ್ಫಾ ಎಂಬ ಇನ್ನೊಂದು ಉರಿಯೂತದ ಸಂದೇಶ ಹೆಚ್ಚಿದ್ದು, ಅದು ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಕೆಲಸಕ್ಕೆ ಅಡ್ಡಬರುವುದು 1993ರಲ್ಲಿ ಗೊತ್ತಾಯಿತು. ಅಲ್ಲಿ ಮ್ಯಾಕ್ರೋಫೇಜ್‌ಗಳೇ ಗುಂಪುಗೂಡಿವೆ ಅಂತ ತೋರಿಸಿದ್ದು 2003ರಲ್ಲಿ. ಇವು ಬ್ಯಾಕ್ಟೀರಿಯಾ ಕಂಡು ಕೆರಳಿದ ಕೋಶಗಳ ಪಡಿಯಚ್ಚೇನಲ್ಲ. ಕೊಬ್ಬಿನಾಮ್ಲವೇ ಇವನ್ನು ಬೇರೆ ರೀತಿ ಕೆಣಕುತ್ತದೆ. ಜ್ವರವಿಲ್ಲ, ನೋವಿಲ್ಲ. ಕಾರವಾರದಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಸಿಆರ್‌ಪಿ (ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಪ್ರೊಟೀನ್) ಸ್ವಲ್ಪ ಮೇಲಿದ್ದರೂ ಇರಬಹುದು, ಆದರೆ ಉರಿಯೂತ ಎಲ್ಲಿಯದು ಅಂತ ಅದು ಹೇಳುವುದಿಲ್ಲ.

ಹೀಗೆ ಮೊದಲೇ ಕೆರಳಿ ಕೂತ ಕೋಶಗಳಿಗೆ ಡಬ್ಬಿಯಿಂದ ಇನ್ನಷ್ಟು ಹುರುಪು ತುಂಬಬೇಕಾ? ನನಗಂತೂ ಅದು ಸುಮ್ನೆ ದುಡ್ಡು ದಂಡ.

ಹಾಗಾದರೆ ಉರಿಯೂತ ನಿಲ್ಲಿಸಿದರೆ ಶುಗರ್ ಹೋಗುತ್ತದಾ? ಅಷ್ಟು ಸಲೀಸಲ್ಲ. ಐಎಲ್-1 ಬೀಟಾವನ್ನು ತಡೆಯುವ ಕ್ಯಾನಕಿನುಮ್ಯಾಬ್ ಇಂಜೆಕ್ಷನ್‌ನ ದೊಡ್ಡ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಹಿಂದೆ ಹೃದಯಾಘಾತವಾಗಿದ್ದವರಲ್ಲಿ ಮತ್ತೆ ಆಗುವ ಅಪಾಯ ಕಡಿಮೆಯಾಯಿತು. ಹೊಸದಾಗಿ ಶುಗರ್ ಬರುವುದು ಮಾತ್ರ ನಿಲ್ಲಲಿಲ್ಲ.